ಲ್ಯಾಬ್ರಡಾರ್‌ನ ತಳಿಲಕ್ಷಣ ಬಲ್ಲವರ ತೋಟದಿಂದ ಒಂದು ಮರಿ: ಮೂರು ವರ್ಷಗಳ ನಂತರದ ವಿಮರ್ಶೆ

ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಮಾವಿನ ತೋಟವೊಂದರಲ್ಲಿ ಲ್ಯಾಬ್ರಡಾರ್ ನಾಯಿಗಳನ್ನು ಮಾತ್ರ ಸಾಕಿ, ವರ್ಷಕ್ಕೆ ಒಂದೋ ಎರಡೋ ಸಲ ಮರಿ ಮಾಡಿಸುವ ಹಿರಿಯ ಮಹಿಳೆಯೊಬ್ಬರಿದ್ದಾರೆ. ಅವರಲ್ಲಿಂದ ನಾವು ಒಂದು ಕಪ್ಪು ಹೆಣ್ಣುಮರಿಯನ್ನು ತಂದು ಈಗ ಮೂರು ವರ್ಷ ದಾಟಿದೆ. ತುಂಗಾ ಎಂದು ಹೆಸರಿಟ್ಟಿದ್ದೇವೆ. ಅದು ಮನೆಯವರೇ ನಡೆಸುವ ಸಣ್ಣ ಕೆನಲ್ ಆದ್ದರಿಂದ ಅದರ ಹೆಸರನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ಇಲ್ಲಿ ಕೊಡುತ್ತಿಲ್ಲ. ಆದರೂ ಈ ವಿಮರ್ಶೆಯನ್ನು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ: ನಾಯಿ ಮಾರುವವರೆಲ್ಲರೂ ಹೇಳುವ, ಆದರೆ ಬಹಳ ಮಂದಿ ತಪ್ಪಾಗಿ ತಿಳಿದಿರುವ 'ಟೈಪ್', ಅಂದರೆ ತಳಿಲಕ್ಷಣ, ಎಂಬ ಮಾತಿನ ಅರ್ಥ ನನಗೆ ಗೊತ್ತಾದದ್ದು ಆ ತೋಟದಲ್ಲಿ, ಮತ್ತು ಆ ಅರ್ಥ ಗೊತ್ತಿದ್ದವರು ಮಾತ್ರ ಯಾವ ಕೆನಲ್‌ನಿಂದಲಾದರೂ ಒಳ್ಳೆಯ ಮರಿಯನ್ನು ಆರಿಸಿ ತರಬಲ್ಲರು.

ಇದಕ್ಕೆ ಮುಂಚೆ ನಮ್ಮ ಮನೆಯಲ್ಲಿ ರಾಜ ಎಂಬ ಹಳದಿ ಲ್ಯಾಬ್ರಡಾರ್ ಇತ್ತು. ಅದನ್ನು 2011ರಲ್ಲಿ ನಗರದ ಒಂದು ಅಂಗಡಿಯಿಂದ ತಂದಿದ್ದೆವು. ಮಾರಿದವರು ಮರಿಯ ತಂದೆಯ ಫೋಟೊ ತೋರಿಸಿ, 'ನೋಡಿ ಸಾರ್, ಹೆವಿ ಬೋನ್, ಬಿಗ್ ಹೆಡ್, ಪಕ್ಕಾ ಶೋ ಟೈಪ್' ಎಂದು ಹೇಳಿದ್ದರು. ಆ ತಲೆಯ ಗಾತ್ರವನ್ನೂ ಕಾಲಿನ ದಪ್ಪವನ್ನೂ ಕಂಡು ನಾವೂ ಮರುಳಾದೆವು. ಬೆಳೆದ ಮೇಲೆ ರಾಜ ಹೆಗಲಿನ ಬಳಿ 64 ಸೆಂ.ಮೀ. ಎತ್ತರವಿತ್ತು, 46 ಕೆ.ಜಿ. ತೂಗುತ್ತಿತ್ತು, ನೋಡಿದವರೆಲ್ಲ ಬೆರಗಾಗುತ್ತಿದ್ದರು. ಆರನೆಯ ವರ್ಷಕ್ಕೆ ಅದು ಮೆಟ್ಟಿಲು ಹತ್ತುವುದನ್ನು ಬಿಟ್ಟಿತು. ಎಕ್ಸ್‌ರೇ ತೆಗೆದಾಗ ಸೊಂಟದ ಎರಡೂ ಕೀಲುಗಳು ತಮ್ಮ ಬಟ್ಟಲಿನಲ್ಲಿ ಸರಿಯಾಗಿ ಕೂತಿರಲಿಲ್ಲವೆಂದು ತಿಳಿಯಿತು. ಒಂಬತ್ತನೆಯ ವರ್ಷದಲ್ಲಿ ಅದನ್ನು ಕಳೆದುಕೊಂಡೆವು. ರಾಜನಷ್ಟು ಪ್ರೀತಿಯ ಪ್ರಾಣಿಯನ್ನು ನಾನು ಕಂಡಿಲ್ಲ, ಅದರ ವಿಷಯದಲ್ಲಿ ಯಾವ ದೂರೂ ಇಲ್ಲ. ದೂರು ಇರುವುದು ಅದನ್ನು ಹಾಗೆ ಹುಟ್ಟಿಸಿದವರ ಮೇಲೆ, ಮತ್ತು ಗಾತ್ರವನ್ನೇ ಲಕ್ಷಣವೆಂದು ನಂಬಿದ ನಮ್ಮ ಮೇಲೆ.

ತೋಟಕ್ಕೆ ಮೊದಲ ಸಲ ಹೋದಾಗ ಅಲ್ಲಿ ಮರಿಗಳೇ ಇರಲಿಲ್ಲ. 'ಮರಿ ಆಮೇಲೆ ನೋಡೋಣ, ಮೊದಲು ಇವರನ್ನು ನೋಡಿ' ಎಂದು ಮೇಡಂ ತಮ್ಮ ಐದು ದೊಡ್ಡ ನಾಯಿಗಳನ್ನು ಒಟ್ಟಿಗೆ ಬಿಟ್ಟರು. ಮೂರು ಕಪ್ಪು, ಎರಡು ಹಳದಿ. ಬಣ್ಣ ಬೇರೆಯಾದರೂ ಐದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಿದ್ದವು: ಒಂದೇ ಬಗೆಯ ಬೆನ್ನಿನ ಗೆರೆ, ಒಂದೇ ಬಗೆಯ ಬಾಲ, ಮುಖದಲ್ಲಿ ಒಂದೇ ಸೌಮ್ಯಭಾವ. ಗಾತ್ರ ಮಾತ್ರ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಇವು ಇನ್ನೂ ಬೆಳೆಯುತ್ತಿವೆಯೇ ಎಂದು ಕೇಳಿದೆ. ಅದರಲ್ಲಿ ಅತಿ ಚಿಕ್ಕದಾಗಿ ಕಂಡ ಹೆಣ್ಣಿಗೆ ಆಗಲೇ ಏಳು ವರ್ಷವಾಗಿತ್ತು. ಆಮೇಲೆ ಅವರು ನಮ್ಮನ್ನು ಒಂದು ಗಂಟೆ ಕೂರಿಸಿ ಪ್ರಶ್ನೆ ಕೇಳಿದರು. ಮನೆಯಲ್ಲಿ ಹಗಲು ಯಾರಿರುತ್ತಾರೆ, ನಾಯಿಗೆ ಈಜಲು ಅವಕಾಶವಿದೆಯೇ, ಹಿಂದಿನ ನಾಯಿ ಹೇಗೆ ಸತ್ತಿತು, ಅದಕ್ಕೆ ದಿನಕ್ಕೆ ಎಷ್ಟು ತಿನ್ನಿಸುತ್ತಿದ್ದಿರಿ. ಕೊನೆಯ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಹೆಂಡತಿಯ ಕಣ್ಣಲ್ಲಿ ನೀರಿತ್ತು. ಮರಿಗಾಗಿ ನಾವು ಕಾದದ್ದು 14 ತಿಂಗಳು.

ತಳಿಲಕ್ಷಣ ಎಂದರೇನು ಎಂದು ನಾನು ಕೇಳಿದ್ದು ಎರಡನೆಯ ಭೇಟಿಯಲ್ಲಿ. ಅವರು ನಾಯಿಯ ಮಾತು ಬಿಟ್ಟು ಎತ್ತಿನ ಮಾತು ತೆಗೆದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೀರಾ? ಅಲ್ಲಿ ನಿಂತ ರೈತನಿಗೆ ಹಳ್ಳಿಕಾರ್ ಎತ್ತನ್ನು ಗುರುತಿಸಲು ಅಳತೆಪಟ್ಟಿ ಬೇಕಾಗುವುದಿಲ್ಲ. ಉದ್ದನೆಯ ಹಣೆ, ಹಣೆಯ ನಡುವಿನ ಗೀರು, ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಸಾಗಿ ಬಾಗಿ ಮುಂದಕ್ಕೆ ಚೂಪಾಗುವ ಕೊಂಬು, ಬಿಗಿಯಾದ ಮೈ, ಇವೆಲ್ಲ ಸೇರಿ ನೂರು ಮಾರು ದೂರದಿಂದಲೇ 'ಇದು ಹಳ್ಳಿಕಾರ್' ಎಂದು ಹೇಳಿಬಿಡುತ್ತವೆ. ಆದರೆ ಅದೇ ರೈತ ಕೊಂಬು ನೋಡಿ ಹಣ ಕೊಡುವುದಿಲ್ಲ. ನಡೆಸಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನೊಗಕ್ಕೆ ಹೆಗಲು ಕೊಡುತ್ತದೆಯೇ ಎಂದು ನೋಡುತ್ತಾನೆ. ಲ್ಯಾಬ್ರಡಾರ್‌ನ ಟೈಪ್ ಎಂಬುದೂ ಅಷ್ಟೇ: ಇದು ಬೇರೆ ಯಾವ ತಳಿಯೂ ಅಲ್ಲ, ಲ್ಯಾಬ್ರಡಾರ್ ಎಂದು ಒಂದೇ ನೋಟಕ್ಕೆ ತಿಳಿಯುವಂತೆ ಮಾಡುವ ಗುಣಗಳ ಒಟ್ಟು ಮೊತ್ತ, ಮತ್ತು ಆ ಗುಣಗಳಲ್ಲಿ ಪ್ರತಿಯೊಂದೂ ಆ ನಾಯಿ ಮಾಡುತ್ತಿದ್ದ ಕೆಲಸದಿಂದ ಹುಟ್ಟಿದ್ದು. ಕೆಲಸದ ನೆನಪಿಲ್ಲದೆ ಲಕ್ಷಣವನ್ನು ಮಾತ್ರ ಹಿಡಿದುಕೊಂಡವರು ತಲೆಯನ್ನು ಇನ್ನಷ್ಟು ದೊಡ್ಡದು, ಮೂಳೆಯನ್ನು ಇನ್ನಷ್ಟು ದಪ್ಪ ಮಾಡುತ್ತ ಹೋಗುತ್ತಾರೆ ಎಂಬುದು ಅವರ ವಾದ. ನನಗೆ ರಾಜ ನೆನಪಾಯಿತು.

ಆ ಕೆಲಸ ಶುರುವಾದದ್ದು ಇಂದಿನ ಕೆನಡಾಕ್ಕೆ ಸೇರಿದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತೀರದಲ್ಲಿ. ಅಲ್ಲಿನ ಮೀನುಗಾರರ ಬಳಿ ಸೇಂಟ್ ಜಾನ್ಸ್ ನಾಯಿ ಎಂದು ಕರೆಯುತ್ತಿದ್ದ, ಗಿಡ್ಡ ತುಪ್ಪಟದ ಕಪ್ಪು ನಾಯಿಗಳಿದ್ದವು. ಮಂಜಿನಂತೆ ಕೊರೆಯುವ ನೀರಿಗೆ ಹಾರಿ ಬಲೆಯ ಹಗ್ಗವನ್ನೂ ಗಾಳದಿಂದ ತಪ್ಪಿಸಿಕೊಂಡ ಮೀನನ್ನೂ ಎಳೆದು ತರುವುದು ಅವುಗಳ ಕೆಲಸ. 19ನೆಯ ಶತಮಾನದ ಆರಂಭದಲ್ಲಿ ಮೀನು ಹೊತ್ತ ಹಡಗುಗಳ ಜೊತೆ ಅವು ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದವು. ಮಾಮ್ಸ್‌ಬರಿಯ ಅರ್ಲ್ ಮನೆತನದವರು ಅವುಗಳನ್ನು ಬೇಟೆಯಲ್ಲಿ ಬಿದ್ದ ಬಾತುಕೋಳಿಗಳನ್ನು ಹೆಕ್ಕಿ ತರಲು ಬಳಸಿ ತಳಿಯನ್ನು ಉಳಿಸಿಕೊಂಡರು. 1880ರ ದಶಕದಲ್ಲಿ ಅವರಿಂದ ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕ್ ಮನೆತನಕ್ಕೆ ಹೋದ ನೆಡ್ ಮತ್ತು ಏವನ್ ಎಂಬ ಎರಡು ಗಂಡು ನಾಯಿಗಳನ್ನು ಇಂದಿನ ಲ್ಯಾಬ್ರಡಾರ್‌ಗಳ ಮೂಲಪುರುಷರೆಂದೇ ಎಣಿಸಲಾಗುತ್ತದೆ. ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಈ ತಳಿಗೆ ಪ್ರತ್ಯೇಕ ಮಾನ್ಯತೆ ಕೊಟ್ಟದ್ದು 1903ರಲ್ಲಿ. ಲ್ಯಾಬ್ರಡಾರ್ ರಿಟ್ರೀವರ್ ಕ್ಲಬ್ ಹುಟ್ಟಿ, ನಾಯಿ ಹೇಗಿರಬೇಕೆಂದು ಹೇಳುವ ತಳಿಯ ಮಾನದಂಡವನ್ನು ಬರೆದದ್ದು 1916ರಲ್ಲಿ. ಆ ಕ್ಲಬ್ಬಿನ ಸ್ಥಾಪಕರಲ್ಲೊಬ್ಬರಾದ ಲೇಡಿ ಹೋವ್ ಅವರ ಬ್ಯಾಂಕೊರಿ ಬೋಲೊ ಪ್ರದರ್ಶನದ ಕಣದಲ್ಲೂ ಬೇಟೆಯ ಮೈದಾನದಲ್ಲೂ ಚಾಂಪಿಯನ್ ಆದ ಮೊದಲ ಲ್ಯಾಬ್ರಡಾರ್. ಮೇಡಂ ಅವರ ವರಾಂಡದ ಗೋಡೆಯಲ್ಲಿ ಅದರ ಹಳೆಯ ಚಿತ್ರವೊಂದಿದೆ. ಇಂದಿನ ಪ್ರದರ್ಶನದ ನಾಯಿಗಳ ಪಕ್ಕದಲ್ಲಿ ಅದು ತೆಳ್ಳಗೆ, ಕಾಲುದ್ದವಾಗಿ ಕಾಣುತ್ತದೆ. ಆದರೂ ಲ್ಯಾಬ್ರಡಾರ್ ಅಲ್ಲವೆಂದು ಯಾರೂ ಹೇಳಲಾರರು.

ತೋಟದಲ್ಲಿ ಕಲಿಸುವುದೆಲ್ಲ ಕೈಯಿಂದಲೇ. ನನ್ನ ಬೆರಳುಗಳನ್ನು ಹಿಡಿದು ನಾಯಿಯ ಬೆನ್ನಿನ ಕೂದಲಿನ ಒಳಗೆ ಹಿಮ್ಮುಖವಾಗಿ ತೂರಿಸಿದರು. ಮೇಲಿನ ಕೂದಲು ಗಿಡ್ಡ, ದಟ್ಟ, ಸ್ವಲ್ಪ ಒರಟು. ಅದರಡಿಯಲ್ಲಿ ಹತ್ತಿಯಂತಹ ಒಳತುಪ್ಪಟ. ಒಂದು ಚೊಂಬು ನೀರನ್ನು ಬೆನ್ನ ಮೇಲೆ ಸುರಿದರೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿಹೋಯಿತು, ಬೆರಳು ಇಳಿಸಿದರೆ ಚರ್ಮ ಒಣಗಿಯೇ ಇತ್ತು. ರಾಜನ ಮೈಕೂದಲು ನಯವಾಗಿ, ಒಂದೇ ಪದರವಾಗಿ, ಮಿಂದರೆ ಚರ್ಮದ ತನಕ ನೆನೆಯುತ್ತಿತ್ತೆಂದು ನಾನು ಹೇಳಿದಾಗ, ಲ್ಯಾಬ್ರಡಾರ್‌ನಿಂದ ಆ ತುಪ್ಪಟವನ್ನು ತೆಗೆದರೆ ಉಳಿಯುವುದು ಬರೀ ಒಂದು ಹಳದಿ ನಾಯಿ ಎಂದರು. ನಮ್ಮ ಹವಾಮಾನದಲ್ಲಿ ಈ ಒಳತುಪ್ಪಟ ತಂದೊಡ್ಡುವ ತೊಂದರೆಯನ್ನೂ ಅವರು ಮುಚ್ಚಿಡಲಿಲ್ಲ. ವರ್ಷಕ್ಕೆರಡು ಸಲ ಮನೆಯ ಮೂಲೆ ಮೂಲೆಯಲ್ಲೂ ಕೂದಲಿನ ಉಂಡೆಗಳು ಸಿಗುತ್ತವೆ, ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಏಳರ ನಂತರ ಓಡಿಸಬಾರದು. ಕೂದಲು ಉದುರದ ಲ್ಯಾಬ್ರಡಾರ್ ಬೇಕೆನ್ನುವವರಿಗೆ ಅವರು ಮರಿ ಕೊಡುವುದಿಲ್ಲ, ಬೇರೆ ತಳಿಯ ಹೆಸರು ಹೇಳಿ ಕಳುಹಿಸುತ್ತಾರೆ.

ಬಾಲದ ಮಾತು ಬಂದಾಗ ನನಗೆ ತುಂಬ ಸಂತೋಷವಾಯಿತು, ಏಕೆಂದರೆ ಅದಕ್ಕೆ ಕನ್ನಡದಲ್ಲಿ ಹೆಸರು ಸಿದ್ಧವಾಗಿಯೇ ಇದೆ. ಮಾನದಂಡವು ಈ ಬಾಲವನ್ನು ನೀರುನಾಯಿಯ ಬಾಲವೆಂದೇ ಕರೆಯುತ್ತದೆ: ಬುಡದಲ್ಲಿ ಬಹಳ ದಪ್ಪ, ತುದಿಗೆ ಹೋಗುತ್ತ ಸಣ್ಣ, ಜಾಲರಿಯಂತೆ ಜೋತುಬೀಳುವ ಉದ್ದ ಕೂದಲಿಲ್ಲ, ಸುತ್ತಲೂ ಗಿಡ್ಡ ದಟ್ಟ ತುಪ್ಪಟ ಕವಿದು ದುಂಡಗೆ ಕಾಣಬೇಕು, ಬೆನ್ನ ಮೇಲೆ ಸುರುಳಿಯಾಗಬಾರದು. ಹಂಪಿಯ ಬಳಿ ತುಂಗಭದ್ರೆಯ ಬಂಡೆಗಳ ನಡುವೆ ನಿಜವಾದ ನೀರುನಾಯಿಗಳನ್ನು ನಾನು ಕಂಡಿದ್ದೇನೆ. ಅವುಗಳಿಗಾಗಿಯೇ 2015ರಲ್ಲಿ ಆ ನದಿಯ ಒಂದು ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನೀರಿನಲ್ಲಿ ತಿರುಗುವಾಗ ಆ ಬಾಲ ಹರಿಗೋಲಿನ ಹುಟ್ಟಿನಂತೆ ದುಡಿಯುವುದನ್ನು ನೋಡಿದವರಿಗೆ, ಕೆರೆಯಲ್ಲಿ ಈಜುವ ಒಳ್ಳೆಯ ಲ್ಯಾಬ್ರಡಾರ್‌ನ ಬಾಲ ಏಕೆ ಹಾಗಿರಬೇಕೆಂದು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಹುಡುಗಿಗೆ ತುಂಗಾ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ತುಪ್ಪಟ, ಬಾಲ ಮತ್ತು ತಲೆ, ಈ ಮೂರನ್ನು ತಳಿ ಬಲ್ಲವರು ಮೊದಲು ನೋಡುತ್ತಾರೆ. ಇವುಗಳಲ್ಲಿ ಅತಿ ಹೆಚ್ಚು ಕೆಟ್ಟಿರುವುದು ತಲೆ. ಮಾನದಂಡ ಕೇಳುವುದು ಅಗಲವಾದ ತಲೆಬುರುಡೆ, ಹಣೆಗೂ ಮೂತಿಗೂ ನಡುವೆ ಸ್ಪಷ್ಟವಾದ ತಗ್ಗು, ಚೂಪಾಗದ, ಮಧ್ಯಮ ಉದ್ದದ ಬಲವಾದ ದವಡೆ, ಮಾಂಸ ತುಂಬದ ಕೆನ್ನೆ. ಅದು 'ದೊಡ್ಡ ತಲೆ' ಎಂದು ಎಲ್ಲಿಯೂ ಹೇಳುವುದಿಲ್ಲ. ತುಟಿ ಜೋತುಬಿದ್ದು, ಹುಬ್ಬಿನ ಮೇಲೆ ಸುಕ್ಕು ಬಿದ್ದು, ಮೂತಿ ಮೊಟಕಾದ ತಲೆ ಮ್ಯಾಸ್ಟಿಫ್ ಜಾತಿಯ ಕಾವಲು ನಾಯಿಯದು. ಅಂಥ ಮೊಟಕು ದವಡೆಯಲ್ಲಿ ಗಾಯಗೊಂಡ ಬಾತುಕೋಳಿಯನ್ನು ಗರಿ ಮುರಿಯದೆ ಹೊತ್ತು ತರಲು ಜಾಗವೆಲ್ಲಿದೆ? ತೋಟದ ಹಿರಿಯ ಹೆಣ್ಣುನಾಯಿ ಉದುರಿದ ಮಾವಿನಕಾಯಿಗಳನ್ನು ಒಂದೊಂದಾಗಿ ತಂದು ಮೇಡಂ ಕಾಲ ಬಳಿ ಇಡುತ್ತದೆ. ನಾನು ಎರಡು ಮೂರನ್ನು ತಿರುಗಿಸಿ ನೋಡಿದೆ, ಸಿಪ್ಪೆಯ ಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ. ಬೆಕ್ಕು ತನ್ನ ಮರಿಯನ್ನು ಕಚ್ಚಿ ಒಯ್ಯುವಷ್ಟೇ ಹದ. ಕಣ್ಣಿನ ವಿಷಯದಲ್ಲಿ ಅವರು ಇನ್ನೂ ಬಿಗಿ. ಕಂದು ಅಥವಾ ಹೇಜಲ್ ಬಣ್ಣದ, ಮಧ್ಯಮ ಗಾತ್ರದ ಕಣ್ಣಿನಲ್ಲಿ ಬುದ್ಧಿಯೂ ಒಳ್ಳೆಯತನವೂ ಕಾಣಬೇಕೆನ್ನುತ್ತದೆ ಮಾನದಂಡ; ಸಿಡುಕು ಇಲ್ಲವೇ ಅಂಜಿಕೆ ಇರುವ ಲ್ಯಾಬ್ರಡಾರ್ ಎಷ್ಟೇ ಚೆನ್ನಾಗಿ ಕಾಣಲಿ, ಅದಕ್ಕೆ ಟೈಪ್ ಇಲ್ಲವೆಂದೇ ಅವರ ತೀರ್ಮಾನ. ಸ್ವಭಾವವನ್ನು ಲಕ್ಷಣದ ಹೊರಗಿಟ್ಟು ಮಾತಾಡುವ ಬಹಳ ಮಂದಿ ತಳಿಗಾರರನ್ನು ಕಂಡಿರುವ ನನಗೆ ಈ ಮಾತು ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಇನ್ನು ಗಾತ್ರ. ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐನ 122ನೆಯ ಸಂಖ್ಯೆಯ ಮಾನದಂಡದ ಪ್ರಕಾರ ಹೆಗಲಿನ ಬಳಿ ಗಂಡಿನ ಆದರ್ಶ ಎತ್ತರ 56ರಿಂದ 57 ಸೆಂ.ಮೀ., ಹೆಣ್ಣಿನದು 54ರಿಂದ 56 ಸೆಂ.ಮೀ. ಅಂದರೆ ನಮ್ಮ ರಾಜ ಏಳು ಸೆಂ.ಮೀ.ಯಷ್ಟು ಹೆಚ್ಚು ಎತ್ತರವಿತ್ತು. ತೂಕಕ್ಕೆ ಅಲ್ಲಿ ಅಂಕಿ ಇಲ್ಲ. ಅದರ ಬದಲು ನಾಯಿ ಬಹಳ ಚುರುಕಾಗಿರಬೇಕು, ಆ ಕಾರಣದಿಂದಲೇ ಅತಿಯಾದ ಮೈಭಾರವಾಗಲಿ ಅತಿಯಾದ ದಪ್ಪವಾಗಲಿ ಸಲ್ಲದು ಎಂಬ ಮಾತಿದೆ. ಅಮೆರಿಕನ್ ಮಾನದಂಡ ಅಂಕಿಗಳನ್ನೇ ಕೊಡುತ್ತದೆ, ಗಂಡಿಗೆ ಸುಮಾರು 29ರಿಂದ 36 ಕೆ.ಜಿ., ಹೆಣ್ಣಿಗೆ 25ರಿಂದ 32 ಕೆ.ಜಿ. ತುಂಗಾ 55 ಸೆಂ.ಮೀ. ಎತ್ತರ, 27 ಕೆ.ಜಿ. ತೂಕ. ಬೀದಿಯಲ್ಲಿ ಸಿಕ್ಕವರು ಇಂದಿಗೂ 'ಸರಿಯಾಗಿ ಊಟ ಹಾಕುವುದಿಲ್ಲವೇ' ಎಂದು ಕೇಳುತ್ತಾರೆ. ಅವರಿಗೆ ನಾನು ಸಾಕುಪ್ರಾಣಿಗಳ ಆಹಾರ ತಯಾರಿಸುವ ಪ್ಯೂರಿನಾ ಸಂಸ್ಥೆ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾವಿನವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೇಳುತ್ತೇನೆ. ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲು ಸವೆಯುವುದೂ ತಡವಾಯಿತು. ಲ್ಯಾಬ್ರಡಾರ್‌ಗೆ ಹಸಿವು ಮುಗಿಯುವುದೇ ಇಲ್ಲವೆಂಬುದಕ್ಕೂ ಕಾರಣವಿದೆ: ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವಲ್ಲಿ ಪಾಲಿರುವ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಈ ತಳಿಯ ಸುಮಾರು ಕಾಲು ಭಾಗ ನಾಯಿಗಳಲ್ಲಿ ಕಳಚಿಹೋಗಿದೆ ಎಂದು 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಅದು ಬೇಡುವ ಕಣ್ಣಿನಿಂದ ನೋಡಿದಾಗಲೆಲ್ಲ ತಟ್ಟೆ ತುಂಬಿಸುವುದು ಪ್ರೀತಿಯಲ್ಲ. ನಾವು ರಾಜನಿಗೆ ಮಾಡಿದ್ದು ಅದನ್ನೇ.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಾನದಂಡದಲ್ಲಿರುವುದು ಮೂರೇ ಬಣ್ಣ: ಕಪ್ಪು, ಹಳದಿ, ಚಾಕಲೇಟ್. ಹಳದಿಯಲ್ಲಿ ತೆಳು ಕೆನೆಯಿಂದ ನರಿಗೆಂಪಿನವರೆಗೆ ಎಲ್ಲ ಛಾಯೆಗಳೂ ಸಲ್ಲುತ್ತವೆ. 'ಅಪರೂಪದ ಸಿಲ್ವರ್', 'ಚಾರ್ಕೋಲ್' ಎಂದು ದುಪ್ಪಟ್ಟು ಬೆಲೆಗೆ ಮಾರುವುದು ಬಣ್ಣವನ್ನು ಮಸುಕಾಗಿಸುವ ಜೀನಿನ ಎರಡು ಪ್ರತಿ ಪಡೆದ ಚಾಕಲೇಟ್ ಅಥವಾ ಕಪ್ಪು ನಾಯಿಗಳನ್ನು. ಪ್ರದರ್ಶನದಲ್ಲಿ ಅವಕ್ಕೆ ಸ್ಥಾನವಿಲ್ಲ. ಅಪರೂಪವೆಂಬ ಮಾತು ಕೇಳಿದ ಕೂಡಲೆ ಕೊಳ್ಳುವವರು ಎದ್ದು ಬರಬೇಕು. ಬಣ್ಣವನ್ನೇ ಗುರಿಯಾಗಿಟ್ಟುಕೊಂಡು ತಳಿ ಮಾಡಿದರೆ ಏನಾಗಬಹುದೆಂಬುದಕ್ಕೆ 2018ರಲ್ಲಿ ಬ್ರಿಟನ್ನಿನ ನಾಯಿಗಳ ದಾಖಲೆಗಳಿಂದ ಬಂದ ಒಂದು ಸುಳಿವಿದೆ. ಅಲ್ಲಿ ಚಾಕಲೇಟ್ ಲ್ಯಾಬ್ರಡಾರ್‌ಗಳ ಮಧ್ಯಕ ಆಯುಸ್ಸು 10.7 ವರ್ಷ, ಉಳಿದ ಬಣ್ಣಗಳದು 12.1 ವರ್ಷ. ಮೇಡಂ ಚಾಕಲೇಟ್ ಮರಿಗಳನ್ನು ಮಾಡಿಸುವುದಿಲ್ಲ; ಕೇಳಿದವರಿಗೆ ನಯವಾಗಿಯೇ ಇಲ್ಲವೆನ್ನುತ್ತಾರೆ.

ಈ ಸೇವೆಯಲ್ಲಿ ನನಗೆ ಅತಿ ಬೆಲೆಬಾಳುವ ಭಾಗವೆಂದರೆ ಮರಿ ಕೊಟ್ಟ ನಂತರವೂ ಮುಂದುವರಿಯುವ ಕಲಿಕೆ. ತುಂಗಾಗೆ ಎರಡು ವರ್ಷವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಸತತ ಎರಡು ದಿನ ನಡೆದ ಶ್ವಾನ ಪ್ರದರ್ಶನಕ್ಕೆ ನಮ್ಮನ್ನೂ ಕರೆದುಕೊಂಡು ಹೋಗಿ, ರಿಂಗಿನ ಪಕ್ಕದಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು. ಮೊದಲ ದಿನದ ತೀರ್ಪುಗಾರರು ತಮ್ಮ ಮುಂದೆ ನಿಂತ ನಾಯಿಗಳಲ್ಲಿ ಅತಿ ಭಾರವಾದದ್ದನ್ನು ಮೊದಲಿಗೆ ತಂದರು. ಅದು ಓಡುವಾಗ ಎದೆ ಅಕ್ಕಪಕ್ಕಕ್ಕೆ ತೂಗಾಡುತ್ತಿತ್ತು, ಎರಡು ಸುತ್ತಿಗೇ ಏದುಸಿರು ಬಂದಿತ್ತು. ತುಂಗಾಗೆ ಮೂರನೆಯ ಸ್ಥಾನ. ಮರುದಿನ ಬೇರೊಬ್ಬ ತೀರ್ಪುಗಾರರು ಅದೇ ನಾಯಿಗಳನ್ನು ನೋಡಿ ತುಂಗಾಳನ್ನು ಮೊದಲಿಗೆ ಕರೆದರು. ನಾನು ಮೊದಲ ದಿನದ ತೀರ್ಪನ್ನು ಜರಿದಾಗ ಮೇಡಂ ಒಪ್ಪಲಿಲ್ಲ. ಆ ಭಾರದ ನಾಯಿಗೆ ತಲೆ, ತುಪ್ಪಟ, ಬಾಲ ಮೂರೂ ಅಚ್ಚುಕಟ್ಟಾಗಿದ್ದವು, ಅವರು ಅದಕ್ಕೆ ಬೆಲೆ ಕೊಟ್ಟರು. ಎರಡನೆಯವರು ನಡಿಗೆಗೆ ಬೆಲೆ ಕೊಟ್ಟರು. ನಿಮ್ಮ ಹುಡುಗಿಯ ಹೆಗಲೆಲುಬು ಸಾಕಷ್ಟು ಓರೆಯಾಗಿಲ್ಲ, ಮುಂಗಾಲು ಚಾಚುವುದು ಕಡಿಮೆ, ಅದನ್ನು ಇಬ್ಬರೂ ಕಂಡಿದ್ದಾರೆ ಎಂದರು. ತಾವು ಮಾರಿದ ನಾಯಿಯ ದೋಷವನ್ನು ಕೊಂಡವರ ಮುಂದೆ ಹೀಗೆ ಹೇಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂದು ಅವರು ವಿವರಿಸಿದ ಕ್ರಮ ಹೀಗಿದೆ. ತೀರ್ಪುಗಾರರು ಮೊದಲು ಇದು ಲ್ಯಾಬ್ರಡಾರ್ ಹೌದೇ ಎಂದು ಕೇಳಿಕೊಳ್ಳಬೇಕು. ಸೊಗಸಾಗಿ ಓಡುವ, ಆದರೆ ಬೇಟೆನಾಯಿಯ ಸಪೂರ ಮೈ ಮತ್ತು ಚಾಟಿಯಂಥ ಬಾಲವಿರುವ ನಾಯಿ ಆರೋಗ್ಯವಂತ ನಾಯಿಯಾದೀತೇ ಹೊರತು ಈ ತಳಿಯ ಮಾದರಿಯಾಗದು. ಎರಡನೆಯದಾಗಿ, ಇದು ದಿನವಿಡೀ ಕೆಸರಿನಲ್ಲೂ ನೀರಿನಲ್ಲೂ ದುಡಿಯಬಲ್ಲುದೇ ಎಂದು ಕೇಳಿಕೊಳ್ಳಬೇಕು. ದೋಷಗಳ ಪಟ್ಟಿ ಹಿಡಿದು ಅಂಕ ಕಳೆಯುತ್ತ ಹೋಗುವವರು ಕೊನೆಗೆ ಯಾವ ದೊಡ್ಡ ತಪ್ಪೂ ಇಲ್ಲದ, ಯಾವ ಗುಣವೂ ಇಲ್ಲದ ನಾಯಿಯನ್ನು ಗೆಲ್ಲಿಸುತ್ತಾರೆ. ಮಾನದಂಡ ಹೇಳುವುದೂ ಬೇರೆಯೇ: ಯಾವುದೇ ಕೊರತೆಯನ್ನು ಅದು ಎಷ್ಟಿದೆ, ನಾಯಿಯ ಆರೋಗ್ಯಕ್ಕೂ ಅದರ ಪಾರಂಪರಿಕ ಕೆಲಸಕ್ಕೂ ಎಷ್ಟು ಅಡ್ಡಿಯಾಗುತ್ತದೆ ಎಂಬುದಕ್ಕೆ ತಕ್ಕಂತೆ ತೂಗಬೇಕು. ಎದೆಯ ಮೇಲಿನ ಒಂದು ಸಣ್ಣ ಬಿಳಿ ಚುಕ್ಕೆಗೂ ಸಡಿಲ ಸೊಂಟಕ್ಕೂ ಒಂದೇ ತಕ್ಕಡಿ ಸಲ್ಲದು. ಕೆಲಸವೆಂದರೆ ಇಂದು ಬೇಟೆಯೇ ಆಗಬೇಕಿಲ್ಲ. 1993ರ ಮುಂಬೈ ಸರಣಿ ಸ್ಫೋಟಗಳ ಸಮಯದಲ್ಲಿ ಅಲ್ಲಿನ ಪೊಲೀಸರ ಜಂಜೀರ್ ಎಂಬ ಲ್ಯಾಬ್ರಡಾರ್ ಸ್ಫೋಟಕಗಳನ್ನು ಮೂಸಿ ಹಿಡಿದು ಎಷ್ಟೋ ಜೀವಗಳನ್ನು ಉಳಿಸಿತು. ಆ ಮೂಗು, ಆ ದಣಿಯದ ಹುರುಪು, ಹೇಳಿದ್ದನ್ನು ಮಾಡುವ ಮನಸ್ಸು, ಇವೂ ಟೈಪಿನ ಭಾಗವೇ.

ಕಳೆದ ವರ್ಷ ತುಂಗಾಳಿಗೆ ಒಂದು ಸಲ ಮರಿ ಮಾಡಿಸಿದೆವು, ಅದೂ ಮೇಡಂ ಅವರ ಉಸ್ತುವಾರಿಯಲ್ಲಿ. ಮರಿ ಕೊಳ್ಳುವಾಗಲೇ, ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್‌ರೇ, ಕಣ್ಣಿನ ಪರೀಕ್ಷೆ, ಜೀನ್ ಪರೀಕ್ಷೆ ಮುಗಿಯದೆ ತಳಿ ಮಾಡಿಸುವಂತಿಲ್ಲ ಎಂಬ ಕರಾರಿಗೆ ಸಹಿ ಹಾಕಿದ್ದೆವು. ಪರೀಕ್ಷೆಯಲ್ಲಿ ಅವಳು ಇಐಸಿ ಎಂಬ ಕಾಯಿಲೆಯ ವಾಹಕಳೆಂದು ತಿಳಿಯಿತು; ಜೋರಾಗಿ ಓಡಿದಾಗ ಹಿಂಗಾಲು ಕುಸಿಯುವ ಕಾಯಿಲೆ ಅದು, ಕೆಟ್ಟ ಜೀನಿನ ಎರಡು ಪ್ರತಿಗಳು ಸೇರಿದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ನಾನು ತಳಿ ಮಾಡಿಸುವ ಯೋಚನೆಯನ್ನೇ ಬಿಟ್ಟಿದ್ದೆ. ವಾಹಕರನ್ನೆಲ್ಲ ತಳಿಯಿಂದ ಹೊರಹಾಕಿದರೆ ಅವರ ಜೊತೆಗೆ ಒಳ್ಳೆಯ ಗುಣಗಳೂ ಹೊರಟುಹೋಗಿ ರಕ್ತಸಂಬಂಧದ ವಲಯ ಇನ್ನಷ್ಟು ಕಿರಿದಾಗುತ್ತದೆ, ಆ ಜೀನ್ ಇಲ್ಲದ ಗಂಡನ್ನು ತಂದರೆ ಒಂದು ಮರಿಗೂ ಕಾಯಿಲೆ ಬರುವುದಿಲ್ಲ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು.

ಗಂಡಿನ ಆಯ್ಕೆಯಲ್ಲಿ ಅವರು ತೆಗೆದುಕೊಂಡ ಶ್ರಮವನ್ನು ನಾನು ಮರೆಯಲಾರೆ. ಹತ್ತಿರದಲ್ಲೇ ಇದ್ದ, ಎಲ್ಲರೂ ಕೇಳಿಕೊಂಡು ಹೋಗುವ ಚಾಂಪಿಯನ್ ಗಂಡನ್ನು ಬಿಟ್ಟು, ಕೊಯಮತ್ತೂರಿನ ಒಂದು ಹಳದಿ ಗಂಡನ್ನು ಸೂಚಿಸಿದರು. ಚಾಂಪಿಯನ್ನನ ಹೆಗಲೂ ತುಂಗಾಳಂತೆಯೇ ನೆಟ್ಟಗಿತ್ತು. ಒಂದೇ ಕೊರತೆಯುಳ್ಳ ಎರಡು ನಾಯಿಗಳನ್ನು ಕೂಡಿಸಿದರೆ ಅದು ಮರಿಗಳಲ್ಲಿ ಬೇರುಬಿಡುತ್ತದೆ. ಹಾಗೆಂದು ಒಂದು ಅತಿಯನ್ನು ಸರಿಪಡಿಸಲು ಇನ್ನೊಂದು ಅತಿಯನ್ನೂ ತರಬಾರದು: ತೆಳ್ಳಗಿನ ಹೆಣ್ಣಿಗೆ ಗೂಳಿಯಂಥ ಗಂಡನ್ನು ತಂದರೆ ಹುಟ್ಟುವುದು ಮಧ್ಯಮ ಮರಿಗಳಲ್ಲ, ಕೆಲವು ಅದರಂತೆ, ಕೆಲವು ಇದರಂತೆ. ಕೊಯಮತ್ತೂರಿನ ಗಂಡು ಎಲ್ಲದರಲ್ಲೂ ಹದವಾಗಿತ್ತು, ಹೆಗಲಿನ ಓರೆ ಸರಿಯಾಗಿತ್ತು, ಅದರ ತಾಯಿ ಮತ್ತು ಅಜ್ಜಿಯ ಹೆಗಲೂ ಹಾಗೆಯೇ ಇತ್ತು. ಫಲಕ ಗೆದ್ದ ನಾಯಿಯನ್ನಲ್ಲ, ಅದರ ಹಿಂದಿನ ಮೂರು ತಲೆಮಾರುಗಳನ್ನೂ ಅದು ಹುಟ್ಟಿಸಿದ ಮರಿಗಳನ್ನೂ ನೋಡಿ ಆರಿಸುವುದು ಅವರ ಪದ್ಧತಿ. 63ನೆಯ ದಿನ ತುಂಗಾ ಎಂಟು ಮರಿ ಹಾಕಿದಳು, ಐದು ಕಪ್ಪು, ಮೂರು ಹಳದಿ. ಎಂಟು ವಾರವಾದಾಗ ಮೇಡಂ ಬಂದು ಒಂದೊಂದನ್ನೇ ಮೇಜಿನ ಮೇಲೆ ನಿಲ್ಲಿಸಿ, ಪಕ್ಕದಿಂದ ಫೋಟೊ ತೆಗೆದು, ಮೈಯೆಲ್ಲ ಕೈಯಾಡಿಸಿ ನೋಡಿದರು. ಆ ವಯಸ್ಸಿನಲ್ಲಿ ಕಾಣುವ ಅಂಗಗಳ ಹೊಂದಾಣಿಕೆಯೇ ಬೆಳೆದ ಮೇಲೆ ಮರಳಿ ಬರುವುದೆಂದು ಅವರ ಅನುಭವ; ನಡುವೆ ನಾಲ್ಕರಿಂದ ಹತ್ತು ತಿಂಗಳವರೆಗೆ ಮರಿ ಕಾಲೇ ಕಾಲಾಗಿ, ಯಾರ ಕಣ್ಣಿಗೂ ಒಗ್ಗದಂತೆ ಇರುತ್ತದೆ. ಎಂಟರಲ್ಲಿ ಆರು ಮರಿಗಳು ತೋಟದ ಆ ಹಿರಿಯ ಹೆಣ್ಣನ್ನೇ, ಅಂದರೆ ತಮ್ಮ ಮುತ್ತಜ್ಜಿಯನ್ನೇ ಹೋಲುತ್ತಿದ್ದವು. ಒಂದು ಸೂಲಿನಲ್ಲಿ ಒಂದು ಅದ್ಭುತ ಮರಿ ಯಾರ ಮನೆಯಲ್ಲೂ ಹುಟ್ಟಬಹುದು, ಎಲ್ಲವೂ ಒಂದೇ ಬಗೆಯಾಗಿ ಹುಟ್ಟುವುದು ಟೈಪ್ ನೆಲೆಗೊಂಡ ವಂಶದಲ್ಲಿ ಮಾತ್ರ ಎಂದು ಅವರು ಹೇಳಿದಾಗ, ಮೊದಲ ದಿನ ಕಂಡ ಆ ಐದು ನಾಯಿಗಳ ಅರ್ಥ ನನಗೆ ಪೂರ್ತಿಯಾಗಿ ತಿಳಿಯಿತು.

ಕೊರತೆಗಳಿಲ್ಲವೆಂದಲ್ಲ. ಎಕ್ಸ್‌ರೇಗಳನ್ನು ಅವರು ತಪ್ಪದೆ ತೆಗೆಸುತ್ತಾರೆ, ಆದರೆ ಫಲಿತಾಂಶವನ್ನು ಪಶುವೈದ್ಯರ 'ಚೆನ್ನಾಗಿದೆ' ಎಂಬ ಒಂದು ಸಾಲಿನ ಟಿಪ್ಪಣಿಯಾಗಿ ಮಾತ್ರ ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ ಎರಡು ಸೊಂಟಗಳಿಗೂ ಸೇರಿ 0ರಿಂದ 106ರವರೆಗೆ ಅಂಕ ಕೊಡುವ ಪದ್ಧತಿಯಿದೆ, ಅಂಕ ಕಡಿಮೆಯಾದಷ್ಟೂ ಕೀಲು ಒಳ್ಳೆಯದು. ಅಂಥ ಅಂಕಿ ಇದ್ದರೆ ತಾಯಿಗಿಂತ ಮಗಳು ಮೇಲೋ ಕೆಳಗೋ ಎಂದು ಹೋಲಿಸಬಹುದು. ಇಷ್ಟು ಕಾಳಜಿಯಿರುವವರು ಈ ದಾಖಲೆಯಲ್ಲಿ ಹಿಂದೆ ಬಿದ್ದಿರುವುದು ನನಗೆ ಸರಿಯೆನಿಸುವುದಿಲ್ಲ, ಅವರಿಗೂ ಹೇಳಿದ್ದೇನೆ. ತುಂಗಾಳ ಅಜ್ಜಿಯ ಕಾಲದ ಮೊಣಕೈ ಎಕ್ಸ್‌ರೇಗಳು ಇಲ್ಲವೇ ಇಲ್ಲ. ಕರಾರುಪತ್ರ ಐದು ಪುಟ, ಪೂರ್ತಿ ಇಂಗ್ಲಿಷ್. ನಮ್ಮ ಜೊತೆಗೆ ಮರಿ ಕೊಂಡ ಕೋಲಾರದ ರೈತರೊಬ್ಬರು ಅದನ್ನು ಮಗನಿಂದ ಓದಿಸಿಕೊಳ್ಳಬೇಕಾಯಿತು. ಕನ್ನಡದಲ್ಲೂ ಒಂದು ಪ್ರತಿ ಇರಲೇಬೇಕು. ಸಂಜೆ ಆರರ ನಂತರ ಅವರು ಫೋನ್ ಎತ್ತುವುದಿಲ್ಲ, ಹೊಸ ಮರಿಯ ಮೊದಲ ರಾತ್ರಿ ಇದು ಬಹಳ ಕಷ್ಟಕೊಟ್ಟಿತು.

ಬೆಲೆ ನಮಗೆ ₹55,000 ಆಯಿತು. ಇದರಲ್ಲಿ ಮೈಕ್ರೋಚಿಪ್, ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ, ಮೊದಲ ಲಸಿಕೆ, ತಂದೆತಾಯಿಯರ ಪರೀಕ್ಷಾ ವರದಿಗಳ ಪ್ರತಿಗಳು ಸೇರಿವೆ. ಎಂಟು ವಾರ ತುಂಬದ ಮರಿಯನ್ನು ಅವರು ಯಾರಿಗೂ ಕೊಡುವುದಿಲ್ಲ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳೂ ಅದನ್ನೇ ಹೇಳುತ್ತವೆ, ಆದರೂ ಐದು ವಾರದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದನ್ನು ನಗರದಲ್ಲಿ ನಾನು ಈಗಲೂ ನೋಡುತ್ತಿದ್ದೇನೆ. ಮರಿಯನ್ನು ಆರಿಸುವ ಹಕ್ಕು ಕೊಳ್ಳುವವರಿಗಿಲ್ಲ, ನಮ್ಮ ಮನೆಗೆ ಯಾವುದು ಹೊಂದುತ್ತದೆಂದು ಅವರೇ ತೀರ್ಮಾನಿಸುತ್ತಾರೆ. ದೊಡ್ಡ ಗಾತ್ರದ ಕಾವಲು ನಾಯಿ ಬೇಕೆನ್ನುವವರು, ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ಮರಿ ಬೇಕೆನ್ನುವವರು ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಉಳಿದವರು ಭಾನುವಾರ ಬೆಳಿಗ್ಗೆ, ಮೊದಲೇ ಹೇಳಿ, ಕೆಸರಾದರೂ ಪರವಾಗಿಲ್ಲವೆನ್ನುವ ಬಟ್ಟೆ ತೊಟ್ಟು ಹೋಗಬೇಕು. ತೋಟದ ಹೊಂಡದಿಂದ ಎದ್ದು ಬಂದ ನಾಯಿಗಳು ಮೈ ಕೊಡವುವುದು ಬಂದವರ ಪಕ್ಕದಲ್ಲೇ.